ಎಲ್ಲರನ್ನೂ ಬರಮಾಡಿಕೊಂಡ ಥೆಲ್ಮಾ

ಥೆಲ್ಮಾ ರಾಸ್ಮುಸೆನ್ ನಡೆಯುತ್ತಿದ್ದದ್ದೇ ಅರ್ಧ ಓಟ: ಮೂಗು ಮುಂದೆ, ಬೂಟು ಹಿಂದೆ, ತೋಳಿನ ಮೇಲೆ ಸದಾ ತನ್ನದಲ್ಲದ ಒಂದು ದಪ್ಪ ಕೋಟು. ನಮ್ಮ ಸಸ್ಕಾಚೆವಾನ್ ಬಯಲಿನ ವಿಶ್ವವಿದ್ಯಾಲಯಕ್ಕೆ ಪರದೇಶದಿಂದ ಬರುವ ಹುಡುಗ ಹುಡುಗಿಯರು ತೆಳು ಅಂಗಿಯಲ್ಲಿ ವಿಮಾನ ಇಳಿದು ನಡುಗುವರೆಂದು, ಅಂತರರಾಷ್ಟ್ರೀಯ ವಿಭಾಗದ ಈ ನಿರ್ದೇಶಕಿ ಜನವರಿಯ ಹಿಮಗಾಳಿಯಲ್ಲೂ ತಾನೇ ಕಾರು ಓಡಿಸಿಕೊಂಡು ಹೋಗಿ, ಮೊದಲು ಕೋಟು ಹೊದಿಸಿ ಆಮೇಲೆ ಹೆಸರು ಕೇಳುತ್ತಿದ್ದಳು. ಕೇಳಿದ ಹೆಸರನ್ನು ಹಾಸ್ಟೆಲು ಮುಟ್ಟುವ ತನಕ ಗೊಣಗುತ್ತಾ ನಾಲಿಗೆಗೆ ಪಳಗಿಸುತ್ತಿದ್ದಳು. ಶುಲ್ಕ ಏರಿಕೆಯ ವಿರುದ್ಧ ನಾವು ಗೇಟಿನೆದುರು ಕೂತಾಗ, ಆಡಳಿತದವಳಾದರೂ ಬಿಸಿ ಸೂಪು ತಂದು, "ಬೈಯೋದು ಆಮೇಲೆ ಬೈಯ್ರಪ್ಪ, ಮೊದಲು ಕುಡೀರಿ" ಎಂದವಳು. ನೌಕರರ ಸಂಘದ ಮುದುಕನಾದ ನಾನು ಆ ಕಟ್ಟಡದಲ್ಲಿ ನಂಬುತ್ತಿದ್ದದ್ದು ಇವಳೊಬ್ಬಳನ್ನೇ.

ಅಂಥವಳು ಫೆಬ್ರವರಿಯ ಸೆನೆಟ್ ಸಭೆಯಲ್ಲಿ ಎದ್ದು ನಿಂತು, ತಾನೇ ಬರೆದ ಅಂತರರಾಷ್ಟ್ರೀಕರಣದ ಯೋಜನೆಯನ್ನು ಓದಿದಳು. ಒಂದು ದೇಶದ ಸರ್ಕಾರ ವರ್ಷವರ್ಷವೂ ಮುನ್ನೂರು ವಿದ್ಯಾರ್ಥಿಗಳನ್ನು ತನ್ನ ಖರ್ಚಿನಲ್ಲಿ ನಮ್ಮಲ್ಲಿಗೆ ಕಳಿಸುವುದು. ಪ್ರತಿಯಾಗಿ ಆ ದೇಶದವರೆಲ್ಲರ ಹಾಜರಿ, ಅಂಕ, ನಡತೆಗಳನ್ನು ನಾವು ಅವರ ರಾಯಭಾರ ಕಚೇರಿಗೆ ತಿಳಿಸುವುದು.

"ನಡತೆ ಅಂದ್ರೆ ಏನಮ್ಮಾ ಥೆಲ್ಮಾ?" ಎಂದೆ.

"ಏನಿಲ್ಲ ಡೆಲ್. ಗಲಾಟೆ, ಧರಣಿ... ನೀನು ಮಾಡ್ತೀಯಲ್ಲ, ಅಂಥದ್ದು."

ಸಭೆ ನಕ್ಕಿತು. ಹಿಂದಿನ ಸಾಲಿನಿಂದ ಸಮೀರಾ ಎದ್ದಳು. ಥೆಲ್ಮಾಳೇ ಕೋಟು ಹೊದಿಸಿ ಕರೆತಂದ ಹುಡುಗಿ, ಅದೇ ದೇಶದವಳು, ಹಿಂದಿನ ವಾರವಷ್ಟೇ ನಮ್ಮ ಗೇಟಿನಲ್ಲಿ ಮೈಕು ಹಿಡಿದು ತನ್ನ ಸರ್ಕಾರದ ಜನ್ಮ ಜಾಲಾಡಿದವಳು. ಹಾಗೆ ಮಾತಾಡಿದವರ ಮನೆಮಂದಿಯನ್ನು ಅಲ್ಲಿ ಜೈಲಿಗೆ ಹಾಕುತ್ತಾರೆ.

"ಆಂಟಿ, ನಾನು ಮಾತಾಡಿದ್ದೂ ಹೋಗುತ್ತಾ? ಅಮ್ಮ ಅಲ್ಲೇ ಇದ್ದಾಳೆ."

"ಅಯ್ಯೋ, ನಿಂದು ಕಳಿಸ್ತೀನೇನೇ ಹುಚ್ಚಿ? ನಾನಿಲ್ವಾ!"

"ಮುಂದೆ ಬರೋ ಮುನ್ನೂರು ಜನದ್ದು?"

ಥೆಲ್ಮಾ ಪ್ರಶ್ನೆಯೇ ಅರ್ಥವಾಗದವಳಂತೆ ಅವಳನ್ನು ನೋಡಿದಳು. ಆ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ, ಇವತ್ತಿಗೂ ನನ್ನನ್ನು ಬೆಚ್ಚಿಸುವುದು ಅದೇ.

"ಅವರಿನ್ನೂ ಬಂದೇ ಇಲ್ವಲ್ಲ ಮಗಳೇ," ಎಂದಳು.

ಕೈಗಳು ಎದ್ದವು. ಯೋಜನೆ ಪಾಸಾಯಿತು. ಥೆಲ್ಮಾ ಚಾಚಿದ ತೋಳಿಗೆ ಸಿಗದೆ ಸಮೀರಾ ಹೊರಗೆ ಹೋದಳು.

ಇಡೀ ಆಯುಷ್ಯ ಬೀದಿಯಲ್ಲಿ ಗಂಟಲು ಹರಿದುಕೊಂಡ ನಾನು, ಕೇಡು ಬರುವುದು ಕಲ್ಲೆದೆಯವರಿಂದಲೇ ಎಂದು ತಿಳಿದಿದ್ದೆ. ಅವರನ್ನು ಎದುರಿಸುವ ಪಟ್ಟುಗಳೂ ಗೊತ್ತಿದ್ದವು. ಈ ಕರುಣಾಳುಗಳಿಗೆ ಏನು ಮಾಡಬೇಕೋ ತಿಳಿಯದು. ಎದುರಿಗೆ ನಿಂತವರಿಗೆ ಜೀವ ಕೊಡುವ ಇವರು, ಮುಖ ಕಾಣದವರ ಜೀವವನ್ನು ಅಷ್ಟೇ ಸಲೀಸಾಗಿ ಬರೆದುಕೊಟ್ಟು, ಬನ್ನಿ ಊಟ ಮಾಡೋಣ ಎನ್ನುತ್ತಾರೆ.