ಖಾಲಿ ಬಿಡಬಾರದ ಮೈದಾನ

ತೀರಿಕೊಂಡ ಗಂಡನ ಕಾಲ ಮೇಲೆ ಹೊದಿಕೆ ಎಳೆಯುತ್ತಿದ್ದ ಆಕೆಯ ಕೈ ನಡುವೆಯೇ ನಿಂತಿತು. ನಡುಮನೆಯಲ್ಲಿ, ಮೆಟ್ಟಿಲ ಮೇಲೆ, ಬಾಗಿಲ ಸಂದಿಯಲ್ಲಿ ಎಲ್ಲೆಲ್ಲೂ ಮಕ್ಕಳು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಉಸಿರು ಬಿಗಿಹಿಡಿದು ನಿಂತಿದ್ದವು. ಒಂದೂ ತಪ್ಪಿಸಿಕೊಂಡಿರಲಿಲ್ಲ. ಅದನ್ನು ಕಂಡೇ ಆಕೆಯ ಎದೆ ಧಸಕ್ಕೆಂದಿತು.

“ಎಲ್ರೂ ಇಲ್ಲೇ ಬಂದ್ಬಿಟ್ರಾ? ಮೈದಾನದಲ್ಲಿ ಯಾರಿದಾರೆ?”

ಗೋಲು ಕಾಯುವ ಹುಡುಗಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಗೋಡೆ’ ಅಂತ. ಅವಳು ಮೂಗು ಒರೆಸಿಕೊಂಡಳು. “ಯಾರೂ ಇಲ್ಲಮ್ಮ. ಮೇಷ್ಟ್ರೇ ಹೋದ್ಮೇಲೆ ಆಡೋದು ಹ್ಯಾಗೆ ಅಂತ…”

“ಅಯ್ಯೋ, ಕೆಟ್ಟೆವಲ್ಲೇ!”

* * *

ಮಗಳ ಮದುವೆಯ ದಿನವೂ ಆತ ಸಂಜೆಗೆ ಕಣ್ಣು ತಪ್ಪಿಸಿ ಎದ್ದಿದ್ದ. ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವ ಕೆಲಸ. ಬೆಳಗಿನ ಪಾಳಿ ಮುಗಿಸಿದವನೇ ದಿನವೂ ಓಡುತ್ತಿದ್ದದ್ದು ಮೈದಾನಕ್ಕೆ. ಕೂಲಿಯವರ, ಮನೆಗೆಲಸದವರ ಮಕ್ಕಳಿಗೆ ಬಿಟ್ಟಿ ಫುಟ್‌ಬಾಲ್ ಪಾಠ. ಒಬ್ಬನ ಕಾಲಿಗೆ ಬಿಗಿಯಾದ ಬೂಟು ಇನ್ನೊಬ್ಬನ ಕಾಲಿಗೆ.

“ಇವತ್ತಾದ್ರೂ ಬಿಡ್ರೀ. ಅದೇನು ಮೈದಾನವೋ, ನನ್ನ ಸವತಿಯೋ!”

ಆತ ನಗಲಿಲ್ಲ. “ನಮಗೆ ಕೊಟ್ಟಿರೋ ಹೊತ್ತಲ್ಲಿ ಮೈದಾನ ಒಂದು ದಿನ ಖಾಲಿ ಕಂಡ್ರೆ ಸಾಕು ಕಣೇ, ಫೀಸು ತಗೊಂಡು ಕಲಿಸೋ ಆ ಅಕಾಡೆಮಿಯವ್ರಿಗೆ ಕೊಟ್ಬಿಡ್ತಾರೆ. ಅವ್ರ ಕಡೆಯೋನೊಬ್ಬ ದಿನಾ ಗೇಟ್ ಹತ್ರ ಬಂದು ಇಣುಕಿ ಹೋಗ್ತಾನೆ. ಈ ಮಕ್ಕಳಿಗೆ ಫೀಸಿಲ್ದೆ ಆಡೋಕೆ ಇನ್ನೆಲ್ಲಿದೆ ಜಾಗ? ನಂಗೆ ಭಯ ಆಗುತ್ತೆ.”

ಆಗ ಆಕೆಗೆ ಅದು ಬರೀ ಹುಚ್ಚಾಗಿ ಕಂಡಿತ್ತು.

* * *

ಈಗ ಆ ಭಯ ಆಕೆಯದಾಗಿತ್ತು. “ಏಳ್ರೋ, ಚೆಂಡು ತಗೊಳ್ಳಿ. ನಡೀರಿ!”

ಗಂಡನ ಅಕ್ಕ ತೋಳು ಹಿಡಿದು ಜಗ್ಗಿದಳು. “ತಲೆ ಕೆಟ್ಟಿದೆಯೇನೇ? ಹೆಣ ಮನೇಲಿಟ್ಕೊಂಡು ಆಟಕ್ಕೆ ಹೊರಟ್ಯಾ? ನಾಲ್ಕು ಜನ ಏನಂದಾರು?”

“ಅನ್ನಲಿ ಅಕ್ಕಾ. ಗಾಡಿ ಬರೋದ್ರೊಳಗೆ ಬಂದ್ಬಿಡ್ತೀನಿ. ನೀವು ಅವ್ರ ಹತ್ರ ಕೂತಿರಿ.”

ಬೀದಿಯುದ್ದಕ್ಕೂ ಆಕೆ ಓಡಿದಳು. ಬೀಗ ಬಿದ್ದಿದ್ದರೆ? ಆತ ಜನ್ಮವಿಡೀ ಕಾದದ್ದನ್ನು ಮೊದಲನೇ ದಿನವೇ ಕಳೆದರೆ ಈ ಮಕ್ಕಳಿಗೆ ಯಾವ ಮುಖ ತೋರಿಸಲಿ? ಗೇಟಿನಲ್ಲಿ ಕಾವಲುಗಾರ ಬೀಗ ಹಿಡಿದೇ ನಿಂತಿದ್ದ. ಪಕ್ಕದಲ್ಲಿ ಅಕಾಡೆಮಿಯವನು ಗಡಿಯಾರ ನೋಡಿಕೊಳ್ಳುತ್ತಿದ್ದ.

“ಇವತ್ತು ಬರಲ್ಲ ಅಂದ್ಕೊಂಡಿದ್ದೆ ಅಮ್ಮಾ,” ಎಂದ ಕಾವಲುಗಾರ, ತಲೆ ಎತ್ತದೆ. “ಒಳಗೆ ಬಂದ್ರೆ ಸಾಲ್ದು, ಆಡ್ತಿರ್ಬೇಕು. ಹೊತ್ತು ಮುಗಿಯೋವರೆಗೂ ದೊಡ್ಡೋರೊಬ್ರು ನಿಂತಿರ್ಬೇಕು. ರೂಲ್ಸು ನಂದಲ್ಲಮ್ಮ.”

ಮಕ್ಕಳು ಒಳಗೆ ಬಂದು ಗುಂಪಾಗಿ ನಿಂತವು. ಯಾರೂ ಚೆಂಡು ಮುಟ್ಟಲಿಲ್ಲ.

“ತಪ್ಪಲ್ವಾ ಅಮ್ಮಾ?” ಗೋಡೆ ಪಿಸುಗುಟ್ಟಿದಳು.

ಆಕೆ ಚೆಂಡಿನ ಮುಂದೆ ಹೋಗಿ ನಿಂತಳು. ಬದುಕಿನಲ್ಲಿ ಒಮ್ಮೆಯೂ ಚೆಂಡು ಒದ್ದವಳಲ್ಲ. ಕಣ್ಣು ಮುಚ್ಚಿ ಒದ್ದಳು. ಚಪ್ಪಲಿ ಆಕಾಶಕ್ಕೆ ಹಾರಿತು, ಚೆಂಡು ಪಕ್ಕಕ್ಕೆ ತೆವಳಿತು. ಯಾವನೋ ಒಬ್ಬ ಕಿಸಕ್ಕೆಂದು ನಕ್ಕು, ಗಾಬರಿಯಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ಯಾರೋ ಚೆಂಡು ತಳ್ಳಿದರು, ಇನ್ನೊಬ್ಬರು ಓಡಿದರು. ಕೂಗಿಲ್ಲ, ಕೇಕೆಯಿಲ್ಲ, ಬರೀ ಕಾಲಿನ ಸದ್ದು. ಗೋಡೆ ಇಸ್ತ್ರಿ ಮಾಡಿದ ಅಂಗಿಯಲ್ಲೇ ಮಣ್ಣಿಗೆ ಬಿದ್ದಳು. ಚೆಂಡು ಗೋಲಿನೊಳಗೆ ಹೋಯಿತು. ಹೊಡೆದ ಹುಡುಗ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಆಕೆಯತ್ತ ನೋಡಿದ.

ಅಷ್ಟರಲ್ಲಿ ಬೇಲಿಯಾಚೆ ಶವದ ಗಾಡಿ ಆಕೆಯ ಬೀದಿಗೆ ತಿರುಗಿತು. ಮಕ್ಕಳೂ ಕಂಡವು, ಆಟ ನಿಂತಿತು. ಗೇಟಿನ ಬಳಿ ಅಕಾಡೆಮಿಯವನು ಒಂದು ಹೆಜ್ಜೆ ಒಳಗಿಟ್ಟ.

ಆಕೆ ಬೇಲಿಗೆ ಬೆನ್ನು ಹಾಕಿದಳು. ಗೋಲಿನೊಳಗಿಂದ ಚೆಂಡು ಎತ್ತಿಕೊಂಡು, ಒಂದೇ ಚಪ್ಪಲಿಯಲ್ಲಿ ನಡೆದುಬಂದು, ಅದನ್ನು ಮೈದಾನದ ನಡುವೆ ಇಟ್ಟಳು.