ಅರ್ಹಮನ ಹಸಿವು

ನಾದಿಟ್ಟ ಗೋಧಿಹಿಟ್ಟಿನ ಪರಾತದ ಮುಂದೆ ಕೂತು ಅರ್ಹಮ್ ಎರಡೂ ಕೈಯಿಂದ ಹಸಿಹಿಟ್ಟನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದ. ತಸ್ನೀಮ್ ಮಗನ ಬೆನ್ನಿಗೆ ನಾಲ್ಕು ಬಾರಿಸಿದಳು. ಆಮೇಲೆ ತಾನೇ ಅತ್ತಳು. ನಾಲ್ಕು ವರ್ಷದ ಮಗು, ಹತ್ತು ವರ್ಷದವನ ತೂಕ. ಅಂಗಳ ದಾಟುವಷ್ಟರಲ್ಲಿ ಏದುಸಿರು.

ಪಾಕಿಸ್ತಾನದ ಚಿನಿಯೋಟ್ ಊರಿನ ಆ ಗಲ್ಲಿಯಲ್ಲಿ ತುಪ್ಪ ಸುರಿದು ಸಾಕಿದ್ದಾಳೆಂದು ನೆರೆಯವರು ಆಡಿಕೊಂಡರೆ, ಹಸಿದ ಮಗುವನ್ನು ಹೊಡೆದು, ಅಡುಗೆಮನೆಗೆ ಬೀಗ ಹಾಕುವ ಕಲ್ಲುಮನಸ್ಸಿನವಳೆಂದು ಅತ್ತೆ ಹಾಜ್ರಾ ಗೊಣಗುತ್ತಿದ್ದಳು. ಹಾಜ್ರಾ ಅತ್ತೆ ಮಾತ್ರವಲ್ಲ, ತಸ್ನೀಮಳ ತಾಯಿಯ ಸ್ವಂತ ಅಕ್ಕ. ತಮ್ಮ ಮನೆತನ ಹೊರಗಿನಿಂದ ಹೆಣ್ಣು ತಂದದ್ದೇ ಇಲ್ಲವೆಂಬ ಹೆಮ್ಮೆ ಅವಳದು.

ಮಗುವಿನ ಎದೆಯ ಕಫ ಮತ್ತೆ ಮತ್ತೆ ಮರುಕಳಿಸಿದಾಗ ಲಾಹೋರಿನ ಆಸ್ಪತ್ರೆಗೆ ಒಯ್ದರು. ರಕ್ತ ಪರೀಕ್ಷೆಯ ಫಲ ಬಂದ ದಿನ ಡಾಕ್ಟರಮ್ಮ ತಸ್ನೀಮ್, ಅವಳ ಗಂಡ ವಕಾರ್, ಹಾಜ್ರಾ ಮೂವರನ್ನೂ ಕೂರಿಸಿಕೊಂಡರು.

"ಹೊಟ್ಟೆ ತುಂಬ್ತು ಅಂತ ಮೆದುಳಿಗೆ ತಿಳಿಸೋ ಹಾರ್ಮೋನು ಒಂದಿದೆ. ಇವನ ಮೈಯಲ್ಲಿ ಅದು ಹುಟ್ಟೋದೇ ಇಲ್ಲ. ಎಷ್ಟು ತಿಂದ್ರೂ ಉಪವಾಸ ಇದ್ದ ಹಾಗೇ ಅನ್ಸುತ್ತೆ."

"ಅಂದ್ರೆ ಅವನಿಗೆ ನಿಜವಾಗ್ಲೂ ಹಸಿವಾಗ್ತಿತ್ತಾ?" ತಸ್ನೀಮ್ ಮಗನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಿಜವಾಗ್ಲೂ."

"ಹಾಗಾದ್ರೆ ಕೇಳಿದಷ್ಟು ಕೊಡ್ಲಾ?"

"ಬೇಡಮ್ಮ. ಕೊಡಬಾರದು."

ತಸ್ನೀಮಳಿಗೆ ತಲೆಬುಡ ತಿಳಿಯಲಿಲ್ಲ. ಹಾಜ್ರಾ ಮುಂದಕ್ಕೆ ಬಾಗಿದಳು. "ಯಾರ ಕಡೆಯಿಂದ ಬಂತು ಇದು?"

"ಇಬ್ಬರ ಕಡೆಯಿಂದ್ಲೂ. ಆ ಹಾರ್ಮೋನಿನ ಜೀನು ಪ್ರತಿಯೊಬ್ಬರಲ್ಲೂ ಜೋಡಿಯಾಗಿರುತ್ತೆ. ಒಂದು ಸರಿಯಿದ್ರೆ ಸಾಕು, ಅದಕ್ಕೇ ಇವರಿಬ್ರಿಗೂ ಏನೂ ಆಗಿಲ್ಲ. ಮಗುವಿಗೆ ಇಬ್ಬರಿಂದ್ಲೂ ಕೆಟ್ಟದ್ದೇ ಬಂದಿದೆ. ಬಹಳ ಅಪರೂಪ. ಹತ್ತಿರದ ಸಂಬಂಧದಲ್ಲಿ ಮದುವೆ ಆದಾಗ ಹೀಗೆ ಎರಡೂ ಬಂದು ಸೇರೋ ಸಾಧ್ಯತೆ ಜಾಸ್ತಿ."

ಊರಿಗೆ ಮರಳುವ ಬಸ್ಸಿನಲ್ಲಿ ಹಾಜ್ರಾ, "ನನ್ನಿಂದ್ಲೇನೋ ವಕಾರ್?" ಎಂದು ಮಗನನ್ನು ಕೇಳಿದಳು.

"ನನ್ನ ನೋಡಮ್ಮಿ, ಕಡ್ಡಿ ಹಂಗಿದೀನಿ. ನನ್ನೊಳಗೆ ಅದು ಹೆಂಗೆ ಕೂತಿತ್ತೋ, ನಂಗೇ ಗೊತ್ತಾಗ್ತಿಲ್ಲ."

ತಸ್ನೀಮ್ ತೊಡೆಯ ಮೇಲೆ ಮಲಗಿದ್ದ ಮಗನ ಬೆನ್ನು ಸವರುತ್ತಿದ್ದಳು. ಅಡುಗೆಮನೆಗೆ ಬೀಗ ಹಾಕಿದ್ದು ಸರಿ, ಹೊಡೆದದ್ದು ತಪ್ಪು. ಆದರೆ ಎರಡನ್ನೂ ಮಾಡಿದ್ದು ಒಂದೇ ಸಿಟ್ಟಿನಲ್ಲಿ. ಯಾವುದಕ್ಕೆ ಅಳಬೇಕು, ಯಾವುದಕ್ಕೆ ಸಮಾಧಾನಪಡಬೇಕು?

ಆ ಹಾರ್ಮೋನನ್ನೇ ಸೂಜಿಯಲ್ಲಿ ಕೊಡಬಹುದಂತೆ, ಆದರೆ ಅದು ಪರದೇಶದಿಂದ ಬರಬೇಕು. ಡಾಕ್ಟರಮ್ಮ ಯಾರ್‍ಯಾರಿಗೋ ಬರೆದು, ಅದು ಕೈಸೇರುವಾಗ ಚಳಿ ಶುರುವಾಗಿತ್ತು. ವಕಾರ್ ದಿನಾ ಮಗನಿಗೆ ಸೂಜಿ ಚುಚ್ಚತೊಡಗಿದ.

ಕೆಲವು ದಿನ ಕಳೆದಿರಬೇಕು. ಮಧ್ಯಾಹ್ನ ಬೇಳೆಯಲ್ಲಿ ರೊಟ್ಟಿ ಅದ್ದಿಕೊಂಡು ತಿನ್ನುತ್ತಿದ್ದ ಅರ್ಹಮ್ ನಡುವೆಯೇ ತಟ್ಟೆ ದೂಡಿದ. ತಸ್ನೀಮ್ ಓಡಿಬಂದು ಹಣೆ ಮುಟ್ಟಿದಳು, ಜ್ವರವಿರಲಿಲ್ಲ. ನಾಲಿಗೆ ನೋಡಿದಳು.

"ಎಲ್ಲಿ ನೋವು ಕಂದಾ? ಹೊಟ್ಟೇಲಾ?"

"ನೋವಿಲ್ಲ. ಸಾಕು."

ಆ ಮಾತನ್ನು ಅವನ ಬಾಯಲ್ಲಿ ಅವಳು ಕೇಳಿರಲೇ ಇಲ್ಲ. ಹಾಜ್ರಾ ಅಭ್ಯಾಸಬಲದಿಂದ ತುತ್ತು ಹಿಡಿದು ಬಂದಳು. "ಇನ್ನೊಂದೇ ಒಂದು, ನನ್ನ ರಾಜಾ."

ಅತ್ತೆಯನ್ನು ತಡೆಯಬೇಕೋ, ತಾನೂ ಸೇರಿ ಉಣ್ಣಿಸಬೇಕೋ ತಸ್ನೀಮಳಿಗೆ ತೋಚಲಿಲ್ಲ. ಅಷ್ಟರಲ್ಲಿ ಅರ್ಹಮ್ ಕೈ ಒರೆಸಿಕೊಂಡು, ಹೊರಗೆ ಕಟ್ಟಿದ್ದ ಮೇಕೆಮರಿಯ ಕಡೆ ನಿಧಾನವಾಗಿ ನಡೆದುಬಿಟ್ಟಿದ್ದ.