ಕಬ್ಬನ್ ಪಾರ್ಕಿನಲ್ಲಿ ಕಂಡ ಭಾವ

ಹೊನ್ನಾಳಿಯ ಪೇಟೆ ಬೀದಿಯಲ್ಲಿ ನಾಗೇಂದ್ರಪ್ಪನ ಫೋಟೋ ಅಂಗಡಿ ಇತ್ತು. ಅಂಗಡಿಯೆಂದರೆ ಹಂಚು ತೆಗೆದು ಗಾಜು ಕೂರಿಸಿದ ಒಂದು ಕೋಣೆ, ಗೋಡೆಗೆ ಇಳಿಬಿಟ್ಟ ಬಣ್ಣದ ಪರದೆ, ಮೂರು ಕಾಲಿನ ಮೇಲೆ ನಿಲ್ಲುವ ಮರದ ಕ್ಯಾಮೆರಾ, ಅಷ್ಟೆ. ಪರದೆಯ ಮೇಲಿನ ಅರಮನೆ ಮೆಟ್ಟಿಲು ಮಾಸಿಹೋಗಿತ್ತು. ಹೊಸದು ಬರೆದುಕೊಡಲು ಒಪ್ಪಿದ ದಾವಣಗೆರೆಯ ಪೇಂಟರು, "ದೊಡ್ಡ ಪಾರ್ಕಿಂದು ಒಂದು ಫೋಟೋ ತಂದ್ಕೊಡ್ರಿ, ನೋಡ್ಕೊಂಡು ಬರೀತೀನಿ. ಈಗಿನೋರು ಮರ ಗಿಡದ ಮುಂದೇನೇ ನಿಂತ್ಕಬೇಕು ಅಂತಾರೆ" ಎಂದಿದ್ದರು. ಹಾಗಾಗಿ ಸಾವಿರದ ಒಂಬೈನೂರ ನಲವತ್ನಾಲ್ಕರ ಬೇಸಿಗೆಯಲ್ಲಿ, ಫೋಟೋದ ಗಾಜಿನ ಪ್ಲೇಟು, ಕಾಗದ ತರಲು ಬೆಂಗಳೂರಿಗೆ ಹೊರಟ ನಾಗೇಂದ್ರಪ್ಪ ಕ್ಯಾಮೆರಾವನ್ನೂ ಹೊತ್ತುಕೊಂಡ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಇದ್ದಿಲಿನ ಬಸ್ಸು ಕೆಮ್ಮುತ್ತ ಕುಂಟುತ್ತ ಹರಿಹರ ಮುಟ್ಟಿತು, ಅಲ್ಲಿಂದ ರೈಲು.

ಅವನಿಗೆ ಹಿಂದುಮುಂದು ಅಂತ ಇದ್ದವಳು ಅಕ್ಕ ಸಾವಂತ್ರಮ್ಮ ಒಬ್ಬಳೇ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳನ್ನು ನ್ಯಾಮತಿಯ ಮರುಳಸಿದ್ದಪ್ಪನಿಗೆ ಕೊಟ್ಟಿತ್ತು. ಮರುಳಸಿದ್ದಪ್ಪ ಜವಳಿ ಅಂಗಡಿಯೊಂದರ ಗುಮಾಸ್ತ. ಮಾಲು ತರಲು ಆಗಾಗ ಬೆಂಗಳೂರಿಗೆ ಹೋಗಿಬರುತ್ತಿದ್ದ. ಮದುವೆಯಾಗಿ ವರ್ಷಗಳು ಉರುಳಿದರೂ ಸಾವಂತ್ರಮ್ಮನ ಮಡಿಲು ತುಂಬಲಿಲ್ಲ. ಕೇರಿಯ ಹೆಂಗಸರು ತೊಟ್ಟಿಲ ಶಾಸ್ತ್ರಕ್ಕೆ ಅವಳನ್ನು ಕರೆಯುವುದು ಬಿಟ್ಟರು. ಅತ್ತೆ ಅಜ್ಜಮ್ಮ ಮಗನಿಗೆ ಇನ್ನೊಂದು ಹೆಣ್ಣು ತರುವ ಮಾತನ್ನು ಸೊಸೆಯ ಎದುರಿಗೇ ಆಡುತ್ತಿದ್ದಳು.

ಅಷ್ಟರಲ್ಲಿ ನಲವತ್ತೆರಡರ ಚಲೇಜಾವ್ ಗಲಾಟೆ ಬಂತು. ಯಾರೋ ರಸ್ತೆ ಬದಿಯ ತಂತಿ ಕತ್ತರಿಸಿದರು. ಪೊಲೀಸರು ಬಂದರು, ಮರುಳಸಿದ್ದಪ್ಪ ಕಾಣೆಯಾದ. ಅವನೇ ಕತ್ತರಿಸಿರಬೇಕು ಎಂದು ಒಬ್ಬರೆಂದರು. ಅವನೇ ಎಂದು ಊರೆಲ್ಲ ಅಂದಿತು. ಅಲ್ಲಿಂದ ಸಾವಂತ್ರಮ್ಮನ ದೆಸೆ ತಿರುಗಿತು. ಬಂಜೆ ಎಂದ ಬಾಯಿಗಳೇ ತಾಯಿ ಎಂದು ಕರೆದವು. ಯಾರ ಮನೆಯಲ್ಲಿ ಶುಭ ಕಾರ್ಯವಾದರೂ ಮೊದಲ ಎಲೆ ಅವಳಿಗೆ. ಅಜ್ಜಮ್ಮ ಸೊಸೆಗೆ ಎರಡನೆಯ ಮಾತು ಆಡದಾದಳು.

ನಾಗೇಂದ್ರಪ್ಪ ಬೆಳಗಿನ ಎಳೆ ಬಿಸಿಲಿಗೇ ಕಬ್ಬನ್ ಪಾರ್ಕಿಗೆ ಹೋದ. ಅಷ್ಟು ಮರಗಳನ್ನು ಒಟ್ಟಿಗೆ, ಯಾರೂ ಉರುವಲಿಗೆ ಕೊಂಬೆ ಮುರಿಯದ ಮರಗಳನ್ನು, ಅವನು ನೋಡಿರಲಿಲ್ಲ. ಗುಲ್‌ಮೊಹರು ಕೆಂಡ ಕಾರಿಕೊಂಡಂತೆ ನಿಂತಿತ್ತು. ಬಿದಿರ ಮೆಳೆಯ ಕೆಳಗೆ ರಜೆಯ ಮೇಲಿದ್ದ ಬಿಳಿ ಸಿಪಾಯಿಗಳು ಹುಲ್ಲಿನ ಮೇಲೆ ಅಡ್ಡಾಗಿದ್ದರು. ಎರಡು ಸಾಲು ಮರಗಳ ನಡುವೆ ದಾರಿಯೊಂದು ಬಾಗುವ ಕಡೆ, ಕಲ್ಲು ಬೆಂಚು ಒಂದು ಬದಿಗೆ ಬರುವ ಹಾಗೆ ಕ್ಯಾಮೆರಾ ನಿಲ್ಲಿಸಿ ಕರಿ ಬಟ್ಟೆಯೊಳಗೆ ತಲೆ ತೂರಿಸಿದ.

ಗಾಜಿನ ಮೇಲೆ ಮರಗಳು ತಲೆಕೆಳಗಾಗಿ ಮೂಡಿದವು. ಬೆಂಚಿನ ಮೇಲೆ ಗಂಡಸೊಬ್ಬ, ಹೆಂಗಸೊಬ್ಬಳು, ನಡುವೆ ಒಂದು ಹೆಣ್ಣು ಕೂಸು ಕುಳಿತಿದ್ದರು. ಗಂಡಸು ಖಾಕಿ ಷರಾಯಿ ತೊಟ್ಟಿದ್ದ. ಏಳಲಿ ಎಂದು ನಾಗೇಂದ್ರಪ್ಪ ಕಾದ, ಅವರು ಏಳಲಿಲ್ಲ. ಗಂಡಸು ಕಡಲೆಕಾಯಿ ಸುಲಿದು ಕೂಸಿನ ಬಾಯಿಗೆ ಹಾಕುತ್ತ ನಕ್ಕ. ನಗುವಾಗ ಎಡಗೈಯಿಂದ ಕಿವಿ ಎಳೆದುಕೊಂಡ. ಹಾಗೆ ಕಿವಿ ಎಳೆದುಕೊಂಡು ನಗುವವನನ್ನು ನಾಗೇಂದ್ರಪ್ಪ ಒಬ್ಬನನ್ನೇ ಬಲ್ಲ. ಕೈ ರೂಢಿಯಂತೆ ತಾನಾಗಿ ಪ್ಲೇಟು ತೂರಿಸಿ ಷಟರಿನ ರಬ್ಬರು ಉಂಡೆ ಅಮುಕಿತು. ಫೋಟೋ ಪ್ಲೇಟಿನ ಮೇಲೆ ಬಿದ್ದಿತ್ತು.

ಅವನು ಬಟ್ಟೆಯಿಂದ ತಲೆ ತೆಗೆದು ಬೆಂಚಿನವರೆಗೆ ನಡೆದ. "ಭಾವ" ಎಂದ.

ಮರುಳಸಿದ್ದಪ್ಪನ ಮುಖ ಒಂದು ಗಳಿಗೆ ಬಿಳುಚಿತು. ಆಮೇಲೆ ಹೆಂಗಸಿನ ಕಡೆ ತಿರುಗಿ, "ಕೂಸಿನ್ನ ಕರ್ಕೊಂಡು ಅತ್ಲಾಗೆ ಹೋಗು" ಎಂದ. ಅವಳು ದೂರ ಹೋದ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವನನ್ನು ಕೇಳುವ ಹಾಗೆ ಕೇಳಿದ: "ಯಾವಾಗ ಬಂದೆ ನಾಗೇಂದ್ರ?"

"ನೀವು ಜೈಲಲ್ಲಿ ಅದೀರೋ ಕಾಡಲ್ಲಿ ಅದೀರೋ ಅಂತ ಊರಲ್ಲಿ ದಿನಾ ದೀಪ ಹಚ್ತಾ ಅದಾರೆ."

"ಹಚ್ಲಿ ಬಿಡು. ದೀಪ ಹಚ್ಚಿದ್ರೆ ಯಾರಿಗೇನು ಕೇಡು?"

"ತಂತಿ ಕತ್ತರ್ಸಿದ್ದು?"

"ನಾನಲ್ಲಪ್ಪ. ಸಿಕ್ಕಸಿಕ್ಕೋರನ್ನ ಹಿಡೀತಿದ್ರು, ಓಡಿ ಬಂದೆ. ಬಂದ ಮೇಲೆ ತಿರುಗಿ ಹೋಗಾಕೆ ಮನಸ್ಸಾಗ್ಲಿಲ್ಲ. ಮಿಲಿಟರಿ ಕ್ಯಾಂಪಿಗೆ ಮೊಟ್ಟೆ ತರಕಾರಿ ಹಾಕೋ ಕಂಟ್ರಾಕ್ಟರ್ ಹತ್ರ ಕೆಲ್ಸ ಐತೆ. ಚಲೋ ನಡೀತೈತೆ."

ನಾಗೇಂದ್ರಪ್ಪ ಹೂವು ಆರಿಸುತ್ತಿದ್ದ ಕೂಸಿನ ಕಡೆ ನೋಡಿದ. "ಅದಕ್ಕೆ ವಯಸ್ಸೆಷ್ಟು?"

"ಶ್ರಾವಣಕ್ಕೆ ಐದು ತುಂಬ್ತೈತೆ." ಮರುಳಸಿದ್ದಪ್ಪ ಎದ್ದು ಷರಾಯಿಯ ಮೇಲಿನ ಸಿಪ್ಪೆ ಕೊಡವಿದ. "ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು. ಆದ್ರೆ ಹೇಳಿದ್ರೆ ನಿಮ್ಮಕ್ಕಗೆ ಏನು ಸಿಗ್ತೈತೆ, ಅದನ್ನ ಒಂದೀಟು ಯೋಚ್ನೆ ಮಾಡು."

ಅವರು ಮೂವರೂ ಮರಗಳ ನಡುವೆ ನಡೆದು ಮರೆಯಾದರು. ಅವನ ಕಾಲರು ಹಿಡಿಯಬೇಕಾಗಿತ್ತು, ನಾಲ್ಕು ಜನ ಸೇರುವಂತೆ ಕೂಗಬೇಕಾಗಿತ್ತು ಎಂದು ನಾಗೇಂದ್ರಪ್ಪನಿಗೆ ಹೊಳೆದದ್ದು ರೈಲಿನಲ್ಲಿ ಕುಳಿತ ಮೇಲೆ.

ಊರಿಗೆ ಬಂದವನು ಪ್ಲೇಟು ತೊಳೆದು ಒಂದು ಪ್ರತಿ ತೆಗೆದ. ಪೇಂಟರಿಗೆ ಪಾರ್ಕಿನ ಫೋಟೋ ಸರಿಬರಲಿಲ್ಲವೆಂದು ಹೇಳಿ ಕಳಿಸಿದ. ಕೆಲವು ದಿನ ಬಾಯಿಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವನಂತೆ ಓಡಾಡಿ, ಕೊನೆಗೆ ಆ ಪ್ರತಿಯನ್ನು ಅಂಗಿಯೊಳಗೆ ಇಟ್ಟುಕೊಂಡು ನ್ಯಾಮತಿಗೆ ಹೋದ.

ಸಾವಂತ್ರಮ್ಮ ಹಿತ್ತಲ ಬಚ್ಚಲಲ್ಲಿ ನೀರೊಲೆಗೆ ಉರಿ ಹಾಕುತ್ತಿದ್ದಳು. ತಮ್ಮ ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿದಳು. ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಗಂಡನನ್ನಲ್ಲ, ಆ ಹೆಂಗಸನ್ನೂ ಅಲ್ಲ, ಕೂಸನ್ನು.

"ಐದು ವರ್ಷ ಅಂದ್ಯಾ? ಹಂಗಾದ್ರೆ ಇದು ನಾನು ಮಕ್ಕಳಾಗ್ಲಿ ಅಂತ ಉಚ್ಚಂಗಿ ಗುಡ್ಡದಮ್ಮಗೆ ಹರಕೆ ಹೊತ್ತ ವರ್ಷದ ಕೂಸು. ಜೊತಿಗೆ ಅವ್ರೂ ಬಂದಿದ್ರು. ಕಾಯಿ ಅವ್ರೇ ಒಡೆದ್ರು."

"ಅಕ್ಕಾ, ಊರಿನ ಹಿರೇರನ್ನ ಕೂಡ್ಸಿ ಇದನ್ನ ಮುಂದೆ ಇಡೋಣ."

"ಇಟ್ಟು?" ಸಾವಂತ್ರಮ್ಮ ಅವನ ಕಡೆ ತಿರುಗಿದಳು. "ಇವತ್ತು ನನ್ನ ಕಂಡ್ರೆ ಜನ ಎದ್ದು ನಿಲ್ತಾರೆ ಕಣಪ್ಪ. ನಾಳೆ ಗಂಡ ಬಿಟ್ಟ ಬಂಜೆ ಅಂತಾರೆ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗೈತೆ. ಎಲ್ಲೋ ಅದಾರೆ, ಇರ್ಲಿ. ಇಲ್ಲಿಗೆ ಬರದಿದ್ರೆ ಸಾಕು."

ಫೋಟೋವನ್ನು ಒಲೆಗೆ ಹಾಕಿದಳು. ಅದು ಸುರುಳಿ ಸುತ್ತಿ ಉರಿಯುವ ತನಕ ನೋಡಿ, "ಗಾಜಿಂದೂ ಒಂದು ಇರ್ತೈತಲ್ಲ, ಅದನ್ನೂ ಒಡೆದು ಹಾಕು. ನನ್ನ ಮೇಲಾಣೆ" ಎಂದಳು.

ನಾಗೇಂದ್ರಪ್ಪ ಒಡೆದು ಹಾಕಿದ. ಅಕ್ಕನ ಮಾತು ಮೀರುವುದು ಅವನಿಗೆ ಗೊತ್ತಿರಲಿಲ್ಲ.

ಯುದ್ಧ ಮುಗಿಯಿತು, ಮಿಲಿಟರಿ ಕ್ಯಾಂಪು ಖಾಲಿಯಾಯಿತು, ಮೊಟ್ಟೆ ಕೇಳುವವರಿಲ್ಲವಾಯಿತು. ಸ್ವಾತಂತ್ರ್ಯ ಬಂದ ವರ್ಷದ ದೀಪಾವಳಿ ಹೊತ್ತಿಗೆ ಮರುಳಸಿದ್ದಪ್ಪ ಖಾದಿ ಜುಬ್ಬ, ಬಿಳಿ ಟೋಪಿ ತೊಟ್ಟು ನ್ಯಾಮತಿಯಲ್ಲಿ ಬಸ್ಸಿಳಿದ. ಅವನ ಹಿಂದೆ ಆ ಹೆಂಗಸು, ಎಂಟು ವರ್ಷದ ಹುಡುಗಿ. ಹಣೆಯಲ್ಲಿ ಕುಂಕುಮವಿಲ್ಲದ ಆ ಹೆಂಗಸನ್ನು ತೋರಿಸಿ ಅವನು ಊರವರಿಗೆ ಹೇಳಿದ: "ನಮ್ಮ ಜೊತಿಗೆ ಇದ್ದ ಗೆಳೆಯ ಜೈಲಲ್ಲಿ ಸತ್ತ. ಅವನ ಹೆಂಡ್ತಿ. ನನ್ನ ಬಿಟ್ರೆ ಇವ್ರಿಗೆ ದಿಕ್ಕಿಲ್ಲ."

ಜನ ಕಣ್ಣೀರು ಹಾಕಿದರು. ಹುಡುಗಿ ಅವನನ್ನು ಅಪ್ಪ ಎಂದು ಕರೆದಾಗ, ಪರರ ಕೂಸಿಗೆ ತಂದೆಯಾದ ಪುಣ್ಯವಂತ ಎಂದರು. ಶಾಲೆಯ ಮುಂದೆ ಚಪ್ಪರ ಹಾಕಿ ಸನ್ಮಾನ ಇಟ್ಟರು. ಫೋಟೋ ತೆಗೆಯಲು ಹೊನ್ನಾಳಿಗೆ ಹೇಳಿ ಕಳಿಸಿದರು. ಸ್ವಂತ ಭಾವನ ಫೋಟೋ ಅಲ್ಲವೇ.

ಸನ್ಮಾನದ ಹಿಂದಿನ ದಿನ ನಾಗೇಂದ್ರಪ್ಪ ಬಂದಾಗ ಸಾವಂತ್ರಮ್ಮ ಅವನನ್ನು ಹಿತ್ತಲಿಗೆ ಕರೆದಳು. ಅವಳ ಹಾಸಿಗೆ ಕೋಣೆಯಿಂದ ಅಡುಗೆಮನೆಗೆ ಬಂದಿತ್ತು. "ಆ ಗಾಜು ಐತಾ?" ಎಂದು ಕೇಳಿದಳು.

"ಒಡೆದ್ನಲ್ಲ ಅಕ್ಕ. ನೀನೇ ಆಣೆ ಇಟ್ಟಿದ್ದೆ."

"ಹೂಂ" ಎಂದಳು. ಆಮೇಲೆ, "ಅತ್ತೆಗೆ ಎಲ್ಲ ಹೇಳಿದೆ. ಅವ್ರು, 'ಮೂರು ವರ್ಷದ ಹಿಂದೇ ಗೊತ್ತಿದ್ರೆ ಯಾಕೆ ಬಾಯಿ ಮುಚ್ಕೊಂಡಿದ್ದೆ, ದಿಕ್ಕಿಲ್ಲದೋಳು ಮನೆಗೆ ಬಂದ್ಲು ಅಂತ ಹೊಟ್ಟೆಕಿಚ್ಚಿಗೆ ಕಥೆ ಕಟ್ತೀಯ' ಅಂದ್ರು" ಎಂದಳು.

ನಾಗೇಂದ್ರಪ್ಪ ನೇರ ಹಿರಿಯರ ಬಳಿಗೆ ಹೋಗಿ ಪಾರ್ಕಿನಲ್ಲಿ ಕಂಡದ್ದನ್ನು ಕಂಡಂತೆ ಹೇಳಿದ. ಅವರಲ್ಲೊಬ್ಬರು ಎಲೆಅಡಿಕೆ ಉಗಿದು, "ಫೋಟೋ ತೆಗೆದಿದ್ದೆ ಅಂತೀಯ. ಎಲ್ಲೈತಪ್ಪ?" ಎಂದರು. ಒಡೆದು ಹಾಕಿದ್ದನ್ನು ಅವನು ಹೇಳಿದ. "ದೇಶಕ್ಕೋಸ್ಕರ ಮನೆ ಬಿಟ್ಟೋರ ಮೇಲೆ ಇಂಥ ಮಾತು ಆಡಬ್ಯಾಡ. ನಾಳೆ ಹೊತ್ತಿಗೆ ಸರಿಯಾಗಿ ಬಂದು ಫೋಟೋ ತೆಗಿ."

ಅವನು ತೆಗೆಯಲಿಲ್ಲ. ಕ್ಯಾಮೆರಾ ಎತ್ತಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೊರಟ. ಬಸ್ಸಿನ ಹತ್ತಿರ ಬಂದರೆ ಸಾವಂತ್ರಮ್ಮ ಒಂದು ಬಟ್ಟೆ ಗಂಟು ಹಿಡಿದು ಅವನಿಗಿಂತ ಮುಂಚೆ ಬಂದು ನಿಂತಿದ್ದಳು. ಇಬ್ಬರೂ ಹತ್ತಿ ಕುಳಿತರು. ಸನ್ಮಾನದ ಫೋಟೋವನ್ನು ಶಿವಮೊಗ್ಗದವನೊಬ್ಬ ಬಂದು ತೆಗೆದನಂತೆ. ಹಾರ ಹಾಕಿಕೊಂಡ ಮರುಳಸಿದ್ದಪ್ಪ, ಬಲಗಡೆಗೆ ಅಜ್ಜಮ್ಮ, ಮುಂದೆ ಆ ಹುಡುಗಿ.

ಮರುಳಸಿದ್ದಪ್ಪನ ಪುಣ್ಯದ ಸುದ್ದಿ ಹೊನ್ನಾಳಿಗೂ ಅವರಿಗಿಂತ ಮುಂಚೆಯೇ ಬಂದಿತ್ತು. ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಪಕ್ಕದ ಮನೆಯ ಲಕ್ಷ್ಮಮ್ಮ ಕೇಳಿದಳು: "ಅಂಥ ದೇವರಂಥ ಗಂಡನ್ನ ಬಿಟ್ಟು ಬಂದೀಯಲ್ಲವ್ವ. ಒಂದು ಅನಾಥ ಕೂಸಿಗೆ ಅನ್ನ ಹಾಕಾಕೆ ನಿನಗೆ ಮನಸ್ಸು ಬರ್ಲಿಲ್ವಾ?"

ಸಾವಂತ್ರಮ್ಮ ಸೀರೆಯನ್ನು ಕಲ್ಲಿನ ಮೇಲೆ ಕುಸುಬುತ್ತಲೇ ಇದ್ದಳು. "ನನಗೆ ಪುಣ್ಯ ಇರ್ಲಿಲ್ಲ ಕಣವ್ವ" ಎಂದು, ನೀರಿಗೆ ಇನ್ನೊಂದು ಮೆಟ್ಟಿಲು ಇಳಿದು ಸೀರೆ ಜಾಲಿಸಿದಳು.